ಬೆಣ್ಣಿಹಳ್ಳದ ಮೇಲಿನವರು, ಕೆಳಗಿನವರು



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ರಾಜಮನೆತನವನ್ನೋ ಆರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಈ ಸೀಮೆಯಲ್ಲಿ ಅದಕ್ಕೇನೂ ಕೊರತೆಯಿಲ್ಲ. ಪಂಪನ ಹೆಸರಿನ ಜೊತೆಗೆ ಬರುವ ಅಣ್ಣಿಗೇರಿ ಇಲ್ಲೇ ಇದೆ, ಸವಾಯಿ ಗಂಧರ್ವರ ಕುಂದಗೋಳ ಇಲ್ಲೇ ಇದೆ. ಆದರೂ ನಾನು ಇವತ್ತು ಒಂದು ಹಳ್ಳದ ಬಗ್ಗೆ ಮಾತಾಡುತ್ತೇನೆ. ವರ್ಷದ ಬಹುಪಾಲು ದಿನ ಎತ್ತಿನ ಚಕ್ಕಡಿ ದಾಟಿಸಬಹುದಾದ, ಮಳೆಗಾಲದ ನಾಲ್ಕೈದು ದಿನ ಮಾತ್ರ ಪತ್ರಿಕೆಯಲ್ಲಿ ಹೆಸರು ಬರುವ ಬೆಣ್ಣಿಹಳ್ಳ ಅದು. ಅದರ ದಂಡೆಯ ಊರುಗಳ ಬದುಕು ಆ ನಾಲ್ಕೈದು ದಿನಗಳಲ್ಲಿ ಮುರಿಯುತ್ತದೆ, ಉಳಿದ ದಿನಗಳಲ್ಲಿ ನೀರಿಗಾಗಿ ಕಾಯುತ್ತದೆ. ಇವೆರಡೂ ಒಂದೇ ನೀರಿನ ಕತೆ. ಅದನ್ನು ನಾವು ಎರಡು ಕತೆಯಾಗಿ ಹೇಳುತ್ತ ಬಂದಿದ್ದೇವೆ, ಎರಡು ಇಲಾಖೆಗಳಿಗೆ ಎರಡು ಅರ್ಜಿ ಕೊಡುತ್ತ ಬಂದಿದ್ದೇವೆ. ನನ್ನ ತಕರಾರು ಇರುವುದು ಅಲ್ಲಿ.

ಮೊದಲು ಹಳ್ಳದ ದಾರಿ ನೋಡೋಣ. ಧಾರವಾಡ–ಹುಬ್ಬಳ್ಳಿಯ ದಿನ್ನೆ ಒಂದು ದೊಡ್ಡ ನೀರಿನ ಗಡಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ತಿರುಗಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತಾಳೆ. ಅಲ್ಲಿಂದ ಬಹಳ ದೂರವೇನೂ ಇಲ್ಲದ ಶಿಗ್ಗಾಂವಿ ತಾಲ್ಲೂಕಿನ ದುಂಡಶಿಯ ಆಸುಪಾಸಿನಲ್ಲಿ ಹುಟ್ಟುವ ಬೆಣ್ಣಿಹಳ್ಳ ಬಡಗಣ ದಿಕ್ಕು ಹಿಡಿಯುತ್ತದೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರಿ ಹೊಲಗಳನ್ನು, ಎಂದರೆ ಕರಿ ಮಣ್ಣಿನ ಹೊಲಗಳನ್ನು ಹಾಯ್ದು, ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು, ನರಗುಂದ–ರೋಣದ ಸೀಮೆಯಲ್ಲಿ ಮಲಪ್ರಭೆಗೆ ಬೀಳುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ದುಂಡಶಿಯ ಹೊಲದ ಮೇಲೆ ಬಿದ್ದ ಹನಿ ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಹಳ್ಳದ ತಲೆಗೂ ಬುಡಕ್ಕೂ ನೆಲ ಬೇರೆ. ಮೇಲೆ ಶಿಗ್ಗಾಂವಿ ಕಡೆ ಮಸಾರಿ ಮಣ್ಣು, ಗರಸು, ಒಂದಿಷ್ಟು ಏರು ತಗ್ಗು. ಅಲ್ಲಿ ಮಳೆಯೂ ತುಸು ಹೆಚ್ಚು. ಕುಂದಗೋಳ ದಾಟಿದರೆ ಕಣ್ಣು ಹಾಯುವಷ್ಟು ದೂರ ಸಪಾಟು ಎರಿ ನೆಲ. ಅಲ್ಲಿ ಒಂದು ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದೂ ಹದವಾಗಿ ಹಂಚಿಕೊಂಡು ಬರುವುದಿಲ್ಲ, ಮುಂಗಾರಿಗೊಂದಿಷ್ಟು ಬಂದು, ನಡುವೆ ಕೈಕೊಟ್ಟು, ಹಿಂಗಾರಿಯ ಹೊತ್ತಿಗೆ ಒಮ್ಮೆಲೇ ಸುರಿಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿ ಭೂಮಿ ಮೊದಲ ಮಳೆಯನ್ನು ಬಿರುಕಿನ ಮೂಲಕ ಕುಡಿದುಬಿಡುತ್ತದೆ. ಹಸಿ ಹಿಡಿದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ಮಳೆ ಒಳಗೆ ಇಳಿಯುವುದು ತೀರ ನಿಧಾನ. ಇಳಿಜಾರು ಎಷ್ಟೇ ಕಡಿಮೆಯಿದ್ದರೂ ನೀರು ಮೇಲ್ಮಣ್ಣನ್ನು ಹೊತ್ತುಕೊಂಡು ಹರಿಯುತ್ತದೆ, ಹೊಲದಿಂದ ಕೊರಕಲಿಗೆ, ಕೊರಕಲಿನಿಂದ ಹಳ್ಳಕ್ಕೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು ಎರಡು ಲಕ್ಷ ಲೀಟರ್ ನೀರು. ವರ್ಷದ 600 ಮಿ.ಮೀ. ಕೂಡಿಸಿದರೆ ಒಂದೇ ಎಕರೆಗೆ 24 ಲಕ್ಷ ಲೀಟರ್. ನಾಲ್ಕು ಎಕರೆಯ ರೈತನ ತಲೆಯ ಮೇಲೆ ವರ್ಷಕ್ಕೆ ಸುರಿಯುವುದು ಸುಮಾರು ಒಂದು ಕೋಟಿ ಲೀಟರ್. ನೀರಿಲ್ಲದ ಸೀಮೆ ಎಂದು ನಾವು ಹೇಳಿಕೊಳ್ಳುವ ನಾಡಿನ ಲೆಕ್ಕ ಇದು. ಆ ನೀರಿನಲ್ಲಿ ಹೊಲಕ್ಕೆ ದಕ್ಕುವುದು ಎಷ್ಟು, ಹಳ್ಳಕ್ಕೆ ಓಡುವುದು ಎಷ್ಟು ಎಂಬುದರ ಮೇಲೆ ಆ ರೈತನ ಜೋಳ, ಕಡಲೆ, ಗೋದಿ, ಹತ್ತಿ ನಿಂತಿವೆ. ಕೆಳಗಿನ ಊರಿನ ಗೋಡೆಗಳೂ ಅದರ ಮೇಲೆಯೇ ನಿಂತಿವೆ.

ಹಳ್ಳ ಬಂತು ಎಂದರೆ ಕೆಳಗಿನ ಊರುಗಳಲ್ಲಿ ಏನಾಗುತ್ತದೆ ಎಂಬುದನ್ನು ಇಲ್ಲಿ ಕೂತಿರುವ ಅನೇಕರು ನನಗಿಂತ ಚೆನ್ನಾಗಿ ಬಲ್ಲರು. ತಮ್ಮ ಊರಿನಲ್ಲಿ ಹನಿ ಮಳೆ ಇರುವುದಿಲ್ಲ. ಕುಂದಗೋಳ, ಶಿಗ್ಗಾಂವಿ ಕಡೆ ರಾತ್ರಿ ಸುರಿದ ಮಳೆ ಮರುದಿನ ಇಲ್ಲಿ ದಂಡೆ ಮೀರುತ್ತದೆ. ತುಪ್ಪರಿಹಳ್ಳ ಏರಿದರೆ ಹಾರೋಬೆಳವಡಿಯ ಬಳಿ ಧಾರವಾಡ–ಸವದತ್ತಿ ರಸ್ತೆ ನಿಂತುಹೋಗುತ್ತದೆ. ಬೆಣ್ಣಿಹಳ್ಳ ಏರಿದರೆ ನವಲಗುಂದ, ರೋಣದ ಎಷ್ಟೋ ಊರುಗಳಿಗೆ ದಾರಿಯೇ ಇರುವುದಿಲ್ಲ. ಆಗಸ್ಟ್ ತಿಂಗಳಾದರೆ ಬುಡ್ಡಿ ಕಟ್ಟಿದ ಹೆಸರು ನೀರಿನಲ್ಲಿ ನಿಂತು ಮೊಳಕೆಯೊಡೆಯುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಆದರೆ ಉಳ್ಳಾಗಡ್ಡಿ ಕೊಳೆಯುತ್ತದೆ, ಮೆಣಸಿನಗಿಡ ಹಳದಿಯಾಗುತ್ತದೆ, ಹತ್ತಿಯ ಬೇರು ಉಸಿರುಗಟ್ಟುತ್ತದೆ. ಎರಿ ನೆಲದಲ್ಲಿ ನಿಂತ ನೀರು ಇಳಿದು ಕಾಲಿಡುವಂತಾಗಲು ವಾರಗಳು ಬೇಕು. ಅಷ್ಟರೊಳಗೆ ಕಡಲೆ ಬಿತ್ತುವ ಹದವೂ ಮೀರಿರುತ್ತದೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನರ ಜೀವ ತೆಗೆಯಿತು. 2019ರ ಆಗಸ್ಟ್‌ನಲ್ಲಿ ನೆರೆ ಮತ್ತೆ ಬಂತು. ಆ ಸಲ ಮಲಪ್ರಭೆಯ ಅಣೆಕಟ್ಟಿನಿಂದ ಬಿಟ್ಟ ನೀರೂ, ಹಳ್ಳಗಳ ನೀರೂ ಒಂದೇ ಕಾಲಕ್ಕೆ ಬಂದವು. ಹೊಳೆ ತುಂಬಿ ನಿಂತಾಗ ಹಳ್ಳ ಒಳಗೆ ಹೋಗಲಾರದೆ ಹಿಂದಕ್ಕೆ ಒತ್ತಿಕೊಂಡು ಹೊಲದ ಮೇಲೆ ಹರಡುತ್ತದೆ. ಸಪಾಟು ಸೀಮೆಯಲ್ಲಿ ಹಾಗೆ ಹರಡಿದ ನೀರಿಗೆ ಎಲ್ಲೆಯೇ ಇರುವುದಿಲ್ಲ.

ಇಲ್ಲಿ ಯಾರ ಮನೆ ಬೀಳುತ್ತದೆ ಎಂಬುದನ್ನು ನಾವು ಸಾಕಷ್ಟು ಮಾತಾಡಿಲ್ಲ. ಈ ಸೀಮೆಯ ಹಳೆಯ ಮನೆ ಎಂದರೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಬಿಸಿಲಿಗೆ ಅಷ್ಟು ತಂಪಾಗಿರುವ ಆ ಮನೆ, ಬುಡಕ್ಕೆ ಎರಡು ದಿನ ನೀರು ನಿಂತರೆ ತಾನೇ ಕುಸಿಯುತ್ತದೆ. ಊರಿನ ಎತ್ತರದ ಜಾಗದಲ್ಲಿ ಗೌಡರ, ಕುಲಕರ್ಣಿಯರ ವಾಡೆಗಳು. ಹಳ್ಳದ ಮಗ್ಗುಲಿನ ತಗ್ಗಿನಲ್ಲಿ ಕೂಲಿಯವರ, ದಲಿತರ, ಒಡ್ಡರ ಓಣಿಗಳು. ನೀರು ಎಲ್ಲರ ಮನೆಗೂ ಸಮನಾಗಿ ನುಗ್ಗುವುದಿಲ್ಲ. ಬೆಳೆ ಪರಿಹಾರದಲ್ಲೂ ಹಾಗೆಯೇ. ಪರಿಹಾರ ಬರುವುದು ಉತಾರದಲ್ಲಿ, ಎಂದರೆ ಪಹಣಿಯಲ್ಲಿ ಹೆಸರಿದ್ದವರಿಗೆ. ಲಾವಣಿಗೆ, ಎಂದರೆ ಗೇಣಿಗೆ ಹೊಲ ಮಾಡಿ, ಬೀಜ–ಗೊಬ್ಬರಕ್ಕೆ ಸಾಲ ತೆಗೆದು, ಬೆಳೆ ಕಳೆದುಕೊಂಡವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. 2019ರಲ್ಲಿ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಘೋಷಿಸಿತು. ಒಳ್ಳೆಯ ಮೊತ್ತವೇ. ಆದರೆ ಕಟ್ಟುವುದು ಅದೇ ತಗ್ಗಿನಲ್ಲಿ. 2009ರ ನಂತರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ನವಗ್ರಾಮಗಳು ಎದ್ದವು. ಅನೇಕ ಕಡೆ ಆ ಮನೆಗಳಿಗೆ ಜನ ಹೋಗಲಿಲ್ಲ. ದನ ಕಟ್ಟಲು, ಮೇವು ಒಟ್ಟಲು, ಕಾಳು ಒಣಗಿಸಲು ಜಾಗವಿಲ್ಲದ ಮನೆಯಲ್ಲಿ ಒಕ್ಕಲುತನದ ಕುಟುಂಬ ಹೇಗೆ ಇದ್ದೀತು? ಹೋಗದವರನ್ನು ದೂರುವ ಮೊದಲು ಆ ಮನೆಯ ನಕ್ಷೆ ಬರೆದವರು ಒಂದು ಹಿತ್ತಿಲನ್ನು ಬರೆಯಬೇಕಿತ್ತು.

ಈಗ ಒಣ ದಿನಗಳಿಗೆ ಬರುತ್ತೇನೆ. ಸಂಕ್ರಾಂತಿ ದಾಟುವ ಹೊತ್ತಿಗೆ ಹಳ್ಳದಲ್ಲಿ ಅಲ್ಲಲ್ಲಿ ಮಡುಗಟ್ಟಿದ ನೀರು ಮಾತ್ರ. ಅದೂ ಸವುಳು. ಬೋರು ಹೊಡೆಸಿದರೂ ಬಹಳ ಕಡೆ ಬರುವುದು ಸವುಳು ನೀರೇ. ಆದ್ದರಿಂದ ನವಲಗುಂದ, ಅಣ್ಣಿಗೇರಿ, ರೋಣದ ಊರುಗಳ ಹಿರಿಯರು ಕುಡಿಯುವ ನೀರಿಗೆಂದೇ ಬೇರೆ ಕೆರೆ ಕಟ್ಟಿಕೊಂಡರು. ಮಳೆಗಾಲದಲ್ಲಿ ತುಂಬಿಸಿಕೊಂಡ ಆ ನೀರು ಮುಂದಿನ ಮಳೆಗಾಲದವರೆಗೆ ಊರನ್ನು ಕಾಯಬೇಕು. ಹಾಗಾಗಿ ಆ ಕೆರೆಗೆ ದನ ಇಳಿಸುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಬಟ್ಟೆಗೆ, ದನಕ್ಕೆ, ಕುರಿಗೆ ಹಳ್ಳ. ಮಡಿವಾಳರು, ಕುರುಬರು, ದನಗಾಹಿ ಹುಡುಗರು ಹಳ್ಳವನ್ನು ಒಳಗೂ ಹೊರಗೂ ಬಲ್ಲವರು. ಯಾವ ಮಡು ಯಾವ ತಿಂಗಳು ಬತ್ತುತ್ತದೆ, ಎಲ್ಲಿ ಒಂದು ಮೊಳ ಅಗೆದರೆ ಸಿಹಿ ನೀರು ಒಸರುತ್ತದೆ ಎಂಬುದು ಅವರಿಗೆ ಗೊತ್ತು. ಹಳ್ಳದ ಯಾವ ಸಭೆಯಲ್ಲೂ ಅವರಿಗೆ ಕುರ್ಚಿ ಹಾಕಿದ್ದನ್ನು ನಾನು ಕಂಡಿಲ್ಲ.

ನೀರಿನ ಈ ಬರದಿಂದಲೇ ಈ ಸೀಮೆ ರಾಜ್ಯದ ರೈತ ಚಳವಳಿಯ ತವರಾಯಿತು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆ ಕಟ್ಟಿದಾಗ 37.73 ಟಿಎಂಸಿ ಸಂಗ್ರಹದ ಆ ಜಲಾಶಯ ಎರಿ ನಾಡನ್ನೆಲ್ಲ ಹಸಿರು ಮಾಡುತ್ತದೆಂದು ಜನ ನಂಬಿದರು. ಕಾಲುವೆ ಬಂತು, ಕೊನೆಯ ಹೊಲಗಳಿಗೆ ನೀರು ಬರಲಿಲ್ಲ, ನೀರಿನ ಮೊದಲು ಅಭಿವೃದ್ಧಿ ಕರದ ನೋಟೀಸು ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಎದ್ದರು. ಪೊಲೀಸರ ಗುಂಡಿಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಬಲಿಯಾದರು. ಆ ವರ್ಷವೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಇವತ್ತಿಗೂ ಜುಲೈ 21 ಈ ಭಾಗದಲ್ಲಿ ಹುತಾತ್ಮರ ದಿನ.

ಜಲಾಶಯ ತುಂಬದ ವರ್ಷಗಳು ಹೆಚ್ಚಿದಂತೆ ಕಣ್ಣು ಇನ್ನೂ ಪಡುವಣಕ್ಕೆ ಹೋಯಿತು. ಖಾನಾಪುರದ ಕಾಡಿನಲ್ಲಿ ಮಹದಾಯಿಗೆ ಸೇರುವ ಕಳಸಾ, ಬಂಡೂರಿ ಎಂಬ ಎರಡು ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆ ದಶಕಗಳಿಂದ ಇದೆ. 2015ರ ಜುಲೈನಲ್ಲಿ ನರಗುಂದದಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆಯಿತು. 2016ರ ಜುಲೈ 27ರಂದು ಮಹದಾಯಿ ಜಲವಿವಾದದ ನ್ಯಾಯಮಂಡಳಿ ಕರ್ನಾಟಕದ 7.56 ಟಿಎಂಸಿಯ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿದಾಗ ನವಲಗುಂದ ಕುದಿಯಿತು. ಆ ದಿನಗಳಲ್ಲೇ ಪಕ್ಕದ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಹೊಡೆದದ್ದನ್ನು ಇಡೀ ನಾಡು ದೂರದರ್ಶನದಲ್ಲಿ ಕಂಡಿತು. 2018ರ ಆಗಸ್ಟ್ 14ರಂದು ಬಂದ ತೀರ್ಪು ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.9 ಟಿಎಂಸಿ ಕೊಟ್ಟಿತು. 2020ರ ಫೆಬ್ರುವರಿಯಲ್ಲಿ ಅದು ಕೇಂದ್ರದ ಗೆಜೆಟ್‌ನಲ್ಲೂ ಪ್ರಕಟವಾಯಿತು. ಕುಡಿಯುವ ನೀರಿಗಾಗಿ ನಡೆದ ಈ ಹೋರಾಟ ನ್ಯಾಯದ್ದು. ನಾನು ಇಲ್ಲಿ ಹೇಳುವ ಯಾವ ಮಾತೂ ಅದನ್ನು ದುರ್ಬಲಗೊಳಿಸಲು ಅಲ್ಲ.

ಆದರೆ ಯಮನೂರು ಎಲ್ಲಿದೆ ನೋಡಿ. ಅದು ಬೆಣ್ಣಿಹಳ್ಳದ ದಂಡೆಯ ಮೇಲಿದೆ. ದೂರದ ಎರಡು ಹಳ್ಳಗಳ ನೀರಿಗಾಗಿ ಆ ಊರಿನ ಜನ ಲಾಠಿ ಏಟು ತಿಂದರು, ಅವರ ಹಿತ್ತಿಲಿನ ಹಳ್ಳ ಮಳೆಗಾಲದಲ್ಲಿ ಊರನ್ನೇ ಸುತ್ತುವರಿದು, ಬಳಕೆಯಾಗದೆ ಹರಿದುಹೋಗುತ್ತದೆ. ಆ ಹಳ್ಳಕ್ಕೆ ಧರಣಿಯಿಲ್ಲ, ನ್ಯಾಯಮಂಡಳಿಯಿಲ್ಲ, ಗಡಿ ತಂಟೆ ಮಾಡುವ ಇನ್ನೊಂದು ರಾಜ್ಯವೂ ಇಲ್ಲ. ಅದು ತುದಿಯಿಂದ ಬುಡದವರೆಗೆ ನಮ್ಮದೇ. ಹೀಗಿದ್ದೂ ನಾವು ಅದನ್ನು ಒಂದಾಗಿ ಹಿಡಿಯಲಿಲ್ಲ.

ಏಕೆ ಹಿಡಿಯಲಿಲ್ಲ? ಒಂದು ಕಾರಣ ಆಡಳಿತದ್ದು. 1997ರವರೆಗೆ ಈ ಹಳ್ಳ ಪೂರ್ತಿಯಾಗಿ ಒಂದೇ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ, ಗದಗ ಬೇರೆಯಾದ ಮೇಲೆ ತಲೆ ಹಾವೇರಿಯಲ್ಲಿ, ಮೈ ಧಾರವಾಡದಲ್ಲಿ, ಕಾಲು ಗದಗದಲ್ಲಿ ಉಳಿಯಿತು. ನೆರೆ ಬಂದಾಗ ಮೂವರು ಜಿಲ್ಲಾಧಿಕಾರಿಗಳು ಮೂರು ವರದಿ ಬರೆಯುತ್ತಾರೆ. ಗದಗಿನ ವರದಿ ಮುಳುಗಿದ ಊರುಗಳ ಬಗ್ಗೆ, ಧಾರವಾಡದ್ದು ಮುಳುಗಿದ ಸೇತುವೆಗಳ ಬಗ್ಗೆ. ಹಾವೇರಿಯ ವರದಿಯಲ್ಲಿ ಬೆಣ್ಣಿಹಳ್ಳಕ್ಕೆ ದೊಡ್ಡ ಜಾಗವೇನೂ ಇರುವುದಿಲ್ಲ, ಏಕೆಂದರೆ ಅಲ್ಲಿ ಅದಿನ್ನೂ ಕೂಸು. ಜಿಲ್ಲೆಗಳು ಹತ್ತಿರವಾದದ್ದರಿಂದ ಜನರಿಗೆ ಅನುಕೂಲವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಳ್ಳಕ್ಕೆ ಮಾತ್ರ ಹೊಣೆಗಾರರೇ ಇಲ್ಲದಂತಾಯಿತು.

ಎರಡನೆಯ ಕಾರಣ ನಮ್ಮದೇ. ನೆರೆಯ ಪರಿಹಾರವನ್ನು ನೆರೆ ಬಂದ ಜಾಗದಲ್ಲೇ ಹುಡುಕುತ್ತೇವೆ. ಹೂಳೆತ್ತಿರಿ, ಬಳ್ಳಾರಿ ಜಾಲಿ ಕಡಿಯಿರಿ, ದಂಡೆ ಎತ್ತರಿಸಿರಿ ಎಂದು ಬೇಡಿಕೆ. ಜಾಲಿ, ಆಪು ಬೆಳೆದು ಹಳ್ಳದ ಒಡಲು ಕಟ್ಟಿಕೊಂಡಿರುವುದು ನಿಜ. ದಂಡೆಯವರೆಗೆ ಉತ್ತು ಹಳ್ಳವನ್ನು ಕಿರಿದು ಮಾಡಿದ್ದೂ ನಿಜ. ಒತ್ತುವರಿ ಬಿಡಿಸಲೇಬೇಕು. ಆದರೆ ಮೇಲಿನ ಹೊಲಗಳ ಮಣ್ಣು ಪ್ರತಿ ವರ್ಷ ಇಳಿದು ಬರುತ್ತಿರುವಾಗ ಕೆಳಗೆ ತೆಗೆದ ಹೂಳು ಎಷ್ಟು ವರ್ಷ ತೆಗೆದ ಹಾಗೇ ಇದ್ದೀತು? ಹಳ್ಳವನ್ನು ನೆಟ್ಟಗೆ ಅಗೆದು ಬಿಟ್ಟರೆ ನೀರು ಇನ್ನೂ ಬೇಗ ಓಡಿ ಮುಂದಿನ ಊರಿಗೆ ಬಡಿಯುತ್ತದೆ. ನವಲಗುಂದ ಉಳಿದರೆ ರೋಣ ಮುಳುಗುತ್ತದೆ. ಗುತ್ತಿಗೆಗೆ ಅನುಕೂಲವಾದ ಕೆಲಸವೆಲ್ಲ ಹಳ್ಳಕ್ಕೆ ಅನುಕೂಲವಾಗಬೇಕೆಂದಿಲ್ಲ.

ಕೊಪ್ಪಳದ ಹಿರೇಹಳ್ಳದ ಕೆಲಸವನ್ನು ಇಲ್ಲಿ ಗೌರವದಿಂದ ನೆನೆಯಬೇಕು. 2019ರಲ್ಲಿ ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ತಾವೇ ಹಳ್ಳಕ್ಕೆ ಇಳಿದರು. ಜನ ಬೆನ್ನಿಗೆ ಬಂದರು. 20 ಕಿ.ಮೀ.ಗೂ ಹೆಚ್ಚು ಉದ್ದ ಹಳ್ಳ ಸ್ವಚ್ಛವಾಯಿತು. ಜನರೇ ಎದ್ದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿದೆ. ನಮ್ಮ ಹಳ್ಳಕ್ಕೆ ಅಂಥ ಹುರುಪು ಬೇಕು, ಕೆಲಸದ ಕ್ರಮ ಮಾತ್ರ ಬೇರೆ ಬೇಕು. ಇಲ್ಲಿ ಹಾರೆ ಮೊದಲು ಬೀಳಬೇಕಾದದ್ದು ಹಳ್ಳದ ಒಡಲಿನಲ್ಲಲ್ಲ, ಮೇಲಿನ ಹೊಲಗಳ ಒಡ್ಡಿನಲ್ಲಿ.

ಒಡ್ಡು ಹಾಕುವುದು ಈ ನಾಡಿಗೆ ಹೊಸದಲ್ಲ. ಎರಿ ಹೊಲದವರು ಒಡ್ಡು ಹಾಕಿಸಿ, ನೀರು ಹೆಚ್ಚಾದಾಗ ಒಡ್ಡು ಒಡೆಯದಂತೆ ಕಲ್ಲಿನ ಕೋಡಿ ಕೂರಿಸಿ, ಮಳೆಯನ್ನು ಹೊಲದಲ್ಲೇ ಇಂಗಿಸಿ ಹಿಂಗಾರಿ ಜೋಳ ತೆಗೆಯುತ್ತಿದ್ದರು. ಬಿತ್ತಿದ ಮೇಲೆ ಮಳೆಯೇ ಬರದಿದ್ದರೂ ನೆಲದ ಹಸಿಯ ಮೇಲೆಯೇ ಜೋಳ, ಕಡಲೆ ಬೆಳೆದು ನಿಲ್ಲುವ ಸೀಮೆ ಇದು. ಒಡ್ಡರ ಕುಟುಂಬಗಳು ಊರೂರು ಸುತ್ತಿ ಈ ಕೆಲಸ ಮಾಡಿದವು. ಹೊಲಗಳು ಪಾಲಾಗುತ್ತ ಬಂದವು, ಟ್ರ್ಯಾಕ್ಟರ್ ತಿರುಗಲು ಒಡ್ಡು ಅಡ್ಡವಾಯಿತು, ಕೋಡಿಯ ಕಲ್ಲು ಕಿತ್ತುಹೋಯಿತು. ಇನ್ನೊಂದು ಸಂಗತಿಯಿದೆ. ಹಿಂಗಾರಿಗೆಂದು ಮುಂಗಾರಿನಲ್ಲಿ ಹೊಲವನ್ನು ಹರಗಿ ಬರಿದೇ ಬಿಡುವ ರೂಢಿ ನಮ್ಮದು. ಒಡ್ಡಿದ್ದಾಗ ಆ ಬರಿ ಹೊಲ ಮಳೆ ಕುಡಿಯುತ್ತಿತ್ತು. ಒಡ್ಡು ಹೋದ ಮೇಲೆ ಅದೇ ಹೊಲ ಮಳೆಗೆ ಮಣ್ಣು ಕೊಟ್ಟು ಕಳಿಸುತ್ತಿದೆ.

ಕೃಷಿ ಹೊಂಡದ ಮಾತೂ ಇದರ ಜೊತೆಗೇ ಬರಬೇಕು. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆ ಹೊಂಡವನ್ನು ಹೊಲಹೊಲಕ್ಕೆ ತಂದಿತು. ಎರಿ ನೆಲದ ದೊಡ್ಡ ಅನುಕೂಲವೆಂದರೆ ಹೊಂಡಕ್ಕೆ ತಾಡಪತ್ರಿ ಹಾಸಬೇಕಿಲ್ಲ. ಮಣ್ಣೇ ನೀರನ್ನು ಹಿಡಿದಿಡುತ್ತದೆ. ಕಡಲೆಗೆ ಹೂ ಬಿಡುವ ಹೊತ್ತಿನಲ್ಲಿ ಒಂದು ಸಲ ನೀರು ಕೊಟ್ಟರೆ ಸಾಕು, ಇಳುವರಿಯಲ್ಲಿ ಎದ್ದು ಕಾಣುವ ವ್ಯತ್ಯಾಸವಾಗುತ್ತದೆ. ಒಂದು ಹೊಂಡ ನೆರೆಯನ್ನು ತಡೆಯಲಾರದು. ಹಳ್ಳಕ್ಕೆ ನೀರು ಕೊಡುವ ಪ್ರತಿ ಕೊರಕಲಿನ ಎರಡು ಮಗ್ಗುಲಿಗೂ ಹೊಂಡಗಳ ಸಾಲು, ಹೊಲಗಳಿಗೆ ಕೋಡಿಯುಳ್ಳ ಒಡ್ಡು, ಊರಿನ ಹಳೆಯ ಕೆರೆಗೆ ತೆರೆದ ಒಳಹರಿವು ಇಷ್ಟೂ ಕೂಡಿದರೆ ನೀರು ಕೆಳಗೆ ತಲುಪುವ ವೇಳೆ ಮುಂದಕ್ಕೆ ಹೋಗುತ್ತದೆ. ಒಂದೇ ರಾತ್ರಿಯಲ್ಲಿ ಬರುವ ನೀರು ನಾಲ್ಕು ದಿನದ ಮೇಲೆ ಹರಡಿ ಬಂದರೆ ದಂಡೆ ಮೀರುವುದಿಲ್ಲ. ಅತಿ ದೊಡ್ಡ ಮಳೆಯಲ್ಲಿ ಇದೂ ಸಾಲದು, ಆಗ ತಗ್ಗಿನ ಓಣಿಗಳನ್ನು ಎತ್ತರಕ್ಕೆ ಒಯ್ಯುವುದೊಂದೇ ದಾರಿ. ನಡು ತರದ ನೆರೆಯನ್ನಂತೂ ತಗ್ಗಿಸಬಹುದು, ಪದೇ ಪದೇ ಬೆಳೆ ತಿನ್ನುವುದು ಅಂಥ ನೆರೆಯೇ.

ಇದಕ್ಕೆ ಮೇಲಿನವರು ಒಪ್ಪಬೇಕಲ್ಲ ಎಂದು ನೀವು ಕೇಳುತ್ತೀರಿ. ಅವರ ಹೊಲಕ್ಕೆ ಹಸಿ ಉಳಿಯುತ್ತದೆ, ಮೇಲ್ಮಣ್ಣು ಉಳಿಯುತ್ತದೆ, ಆದ್ದರಿಂದ ಅವರಿಗೂ ಲಾಭವಿದೆ. ಆದರೂ ಒಡ್ಡಿಗೆ ಹೋಗುವ ಒಂದೆರಡು ಗುಂಟೆ ನೆಲ ಅವರದು, ತಪ್ಪುವ ಹಾನಿ ಕೆಳಗಿನವರದು. ಆದ್ದರಿಂದ ಖರ್ಚು ಅವರ ಕೊರಳಿಗೆ ಬೀಳಬಾರದು. ಉದ್ಯೋಗ ಖಾತರಿಯ ಕೂಲಿ, ಜಲಾನಯನದ ಹಣ, ನೆರೆ ಪರಿಹಾರಕ್ಕೆಂದು ಮತ್ತೆ ಮತ್ತೆ ಸುರಿಯುವ ಹಣದಲ್ಲಿ ಒಂದು ಪಾಲು ಹಳ್ಳದ ತಲೆಯ ಕಡೆ ಹೋಗಬೇಕು. ಗದಗ ಜಿಲ್ಲೆಯ ನೆರೆ ತಡೆಯುವ ದುಡ್ಡನ್ನು ಹಾವೇರಿ ಜಿಲ್ಲೆಯಲ್ಲಿ ಖರ್ಚು ಮಾಡಲು ಇವತ್ತು ಯಾವ ಅಧಿಕಾರಿಗೂ ಕೈ ಬರುವುದಿಲ್ಲ. ಮೂರು ಜಿಲ್ಲೆಗೂ ಸೇರಿದ ಒಂದು ಹಳ್ಳದ ಸಭೆ ಬೇಕು ಎಂದು ನಾನು ಹೇಳುವುದು ಅದಕ್ಕಾಗಿ. ದಂಡೆಯ ಎಲ್ಲ ಗ್ರಾಮ ಪಂಚಾಯ್ತಿಗಳು, ಅವುಗಳ ಜೊತೆ ಕುರುಬರು, ಮಡಿವಾಳರು, ಲಾವಣಿದಾರರು, ತಗ್ಗಿನ ಓಣಿಯ ಹೆಣ್ಣುಮಕ್ಕಳು ಅಲ್ಲಿ ಕೂರಬೇಕು. ಸರ್ಕಾರ ಮಾಡಿಕೊಡಲಿ ಎಂದು ಕಾಯಬೇಕಿಲ್ಲ. ಗ್ರಾಮ ಪಂಚಾಯ್ತಿಗಳು ತಾವೇ ಠರಾವು ಮಾಡಿ ಕೂಡಬಹುದು.

ಎಲ್ಲಿ ಕೂಡುವುದು ಎಂದರೆ ನನ್ನ ಬಳಿ ಒಂದು ಉತ್ತರವಿದೆ. ಯಮನೂರಿನಲ್ಲಿ ರಾಜಾಬಾಗಸವಾರ, ಚಾಂಗದೇವ ಎಂದು ಎರಡು ಹೆಸರಿನಿಂದ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ದೇವರಿದ್ದಾನೆ. ಜಾತ್ರೆಗೆ ಬಂದವರು ಮೊದಲು ಬೆಣ್ಣಿಹಳ್ಳದಲ್ಲಿ ಮೀಯುತ್ತಾರೆ. ಆ ನೀರಿನಿಂದ ಚರ್ಮದ ಬೇನೆ ಹೋಗುತ್ತದೆಂದೂ, ಅಲ್ಲಿ ಎಣ್ಣೆಯ ಬದಲು ಹಳ್ಳದ ನೀರಿನಿಂದ ದೀಪ ಉರಿಯುತ್ತದೆಂದೂ ಜನರ ನಂಬಿಕೆ. ಈ ಹಳ್ಳದ ಮೇಲಿನವರೂ ಕೆಳಗಿನವರೂ ಕರೆಯದೆ ಒಂದೆಡೆ ಸೇರಬಲ್ಲ ಜಾಗ ಅದು. ಜಾತ್ರೆಯ ಒಂದು ಮುಂಜಾನೆ ಪೆಂಡಾಲಿನಲ್ಲಿ ಎರಡು ತಾಸು ಕೂತರೂ ಸಾಕು. ರೋಣದ ಕಡೆಯವರು 2009 ಮತ್ತು 2019ರಲ್ಲಿ ತಮ್ಮ ಗುಡಿ, ಮಸೀದಿ, ಸಾಲಿ ಗೋಡೆಗಳ ಮೇಲೆ ನೀರು ಎಲ್ಲಿಯವರೆಗೆ ಏರಿತ್ತೆಂದು ಅಳತೆ ತರಲಿ. ದುಂಡಶಿ, ಕುಂದಗೋಳದ ಕಡೆಯವರು ತಮ್ಮ ಸೀಮೆಯಲ್ಲಿ ಒಡೆದ ಒಡ್ಡು ಎಷ್ಟು, ಕೋಡಿ ಕಿತ್ತದ್ದು ಎಷ್ಟು, ಹೂಳು ತುಂಬಿದ ಕೆರೆ ಯಾವುದು ಎಂದು ಸರ್ವೇ ನಂಬರ್ ಸಹಿತ ಬರೆದು ತರಲಿ. ಎರಡೂ ಕಾಗದಗಳನ್ನು ಒಂದೇ ಮೇಜಿನ ಮೇಲೆ ಇಟ್ಟು, ಮುಂದಿನ ಮುಂಗಾರಿನ ಮೊದಲು ಯಾವ ಕೊರಕಲಿನಿಂದ ಕೆಲಸ ಶುರು ಎಂದು ಅಲ್ಲೇ ಗೊತ್ತುಮಾಡಲಿ. ಈ ದತ್ತಿಯ ಗೌರವಧನವನ್ನು ಆ ಸಭೆಯ ಮೊದಲ ಖರ್ಚಿಗೆಂದು ಸಂಘಟಕರ ಕೈಗೆ ಒಪ್ಪಿಸಿದ್ದೇನೆ.